ಮುನ್ನೆಚ್ಚರಿಕೆಯೆಂಬ ಧರ್ಮ

ನಾಳೆಯ ಚಿಂತೆಯನ್ನು ಇಂದೇ ಮಾಡುವುದು ವಿವೇಕವೋ ಅವಿಶ್ವಾಸವೋ ಎಂಬ ಪ್ರಶ್ನೆ ಬಹಳ ಹಳೆಯದು. “ಬರುವುದು ಬಂದೇ ಬರುತ್ತದೆ, ಹಣೆಯಲ್ಲಿ ಬರೆದುದನ್ನು ಅಳಿಸಲು ಯಾರಿಂದ ಸಾಧ್ಯ?” ಎಂದು ಕೈಕಟ್ಟಿ ಕುಳಿತುಕೊಳ್ಳುವವರು ಒಂದು ಕಡೆ. “ನಾಳೆ ಏನಾದೀತೋ” ಎಂಬ ಭಯದಿಂದ ಕಂಡುದನ್ನೆಲ್ಲ ಬಾಚಿ ಮನೆ ತುಂಬಿಕೊಂಡು ಅಗುಳಿ ಹಾಕಿಕೊಳ್ಳುವವರು ಇನ್ನೊಂದು ಕಡೆ. ಮೊದಲಿನವರು ತಮ್ಮ ಆಲಸ್ಯಕ್ಕೆ ಭಕ್ತಿಯ ಹೆಸರಿಡುತ್ತಾರೆ. ಎರಡನೆಯವರು ತಮ್ಮ ಲೋಭಕ್ಕೆ ಜಾಣತನದ ಹೆಸರಿಡುತ್ತಾರೆ. ಇವೆರಡರ ನಡುವೆ ಮೂರನೆಯ ದಾರಿಯೊಂದು ಇದೆಯೇ? ಇದ್ದರೆ ಅದರ ಲಕ್ಷಣವೇನು? ಕೇವಲ ತರ್ಕದಿಂದ ಇದನ್ನು ಬಿಡಿಸಹೊರಟರೆ ಮಾತು ಬೆಳೆಯುವುದೇ ಹೊರತು ತಿಳಿವು ಬೆಳೆಯುವುದಿಲ್ಲ. ಪ್ರಾಣಸಂಕಟದ ಸಂದರ್ಭವೊಂದನ್ನು ಕಣ್ಣಮುಂದೆ ಇಟ್ಟುಕೊಂಡು ವಿಚಾರಿಸುವುದೇ ಲೇಸು. ಅದಕ್ಕಾಗಿ ಇಲ್ಲಿ ಉತ್ತರ ಅಮೇರಿಕದ ಚಳಿಗಾಲದ ಹಿಮಬಿರುಗಾಳಿಯನ್ನು ಆರಿಸಿಕೊಂಡಿದೆ.

ಮಳೆ ಬಿಸಿಲುಗಳ ನಾಡಿನವರಾದ ನಮಗೆ ಹಿಮಗಾಳಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಆದರೆ ಇಂದು ನಮ್ಮಲ್ಲಿ ಎಷ್ಟು ಮನೆಗಳ ಮಕ್ಕಳು ಮೊಮ್ಮಕ್ಕಳು ಆ ಶೀತದೇಶಗಳಲ್ಲಿ ನೆಲೆಸಿದ್ದಾರೆಂಬುದನ್ನು ಎಣಿಸಿ ನೋಡಿ. ಮಗಳ ಬಾಣಂತನಕ್ಕೆಂದೋ ಮೊಮ್ಮಗನನ್ನು ನೋಡಿಕೊಳ್ಳಲೆಂದೋ ಹೋಗಿ ಒಂದು ಚಳಿಗಾಲವನ್ನು ಅಲ್ಲಿ ಕಳೆದು ಬರುವ ಹಿರಿಯರ ಸಂಖ್ಯೆಯೂ ಚಿಕ್ಕದಲ್ಲ. ಹೀಗಿರುವಾಗ ಅಲ್ಲಿಯ ಗಾಳಿ ಇಲ್ಲಿಯ ಮನೆಗಳ ನಿದ್ರೆಯನ್ನೂ ಕೆಡಿಸಬಲ್ಲದು.

ಹಿಮ ಬೀಳುವುದೇ ಬೇರೆ, ಹಿಮಬಿರುಗಾಳಿಯೇ ಬೇರೆ. ಮೆಲ್ಲಮೆಲ್ಲನೆ ಅರಳೆಯಂತೆ ಉದುರುವ ಹಿಮ ನೋಡಲು ಚೆಂದ. ಆದರೆ ಗಾಳಿಯ ವೇಗ ಗಂಟೆಗೆ 56 ಕಿಲೋಮೀಟರಿಗೆ ಏರಿ, ಹಾರುವ ಹಿಮದಿಂದ ನಾನೂರು ಮೀಟರಿನಾಚೆ ಏನೂ ಕಾಣದಂತಾಗಿ, ಆ ಸ್ಥಿತಿ ಮೂರು ಗಂಟೆಗಳ ಕಾಲ ನಿಂತರೆ ಅದನ್ನು ಅಮೇರಿಕದ ಹವಾಮಾನ ಇಲಾಖೆಯವರು ‘ಬ್ಲಿಝರ್ಡ್’ ಎಂದು ಕರೆಯುತ್ತಾರೆ. ಅದರೊಳಗೆ ಸಿಕ್ಕಿದವನಿಗೆ ನೆಲ ಯಾವುದು ಆಕಾಶ ಯಾವುದು ಎಂಬ ಭೇದವೇ ತಿಳಿಯದು. ತನ್ನ ಮನೆಯ ಅಂಗಳದಲ್ಲಿಯೇ ದಾರಿ ತಪ್ಪಿ ಪ್ರಾಣ ಬಿಟ್ಟವರುಂಟು. ಗಾಳಿಯು ಮೈಯ ಕಾವನ್ನು ಕ್ಷಣಕ್ಷಣಕ್ಕೂ ಕಸಿಯುವುದರಿಂದ ಉಷ್ಣಮಾಪಕ ತೋರಿಸುವುದಕ್ಕಿಂತ ಹೆಚ್ಚಿನ ಚಳಿಯನ್ನು ಬಯಲಿಗೆ ಬಿದ್ದ ಚರ್ಮ ಅನುಭವಿಸುತ್ತದೆ.

ಅರಿಯದ ಕಾಲ, ಅರಿತ ಕಾಲ

1888ನೆಯ ಇಸವಿಯ ಜನವರಿ 12ರಂದು ಅಮೇರಿಕದ ನಡುಬಯಲಿನ ಡಕೋಟ, ನೆಬ್ರಾಸ್ಕ ಪ್ರಾಂತಗಳಲ್ಲಿ ಬೆಳಗು ಹಿತವಾಗಿತ್ತು. ಬಹುದಿನಗಳ ಚಳಿ ಸಡಿಲಿತೆಂದು ಮಕ್ಕಳು ತೆಳುವಾದ ಉಡುಪಿನಲ್ಲಿಯೇ ಶಾಲೆಗೆ ಹೋದರು. ಒಕ್ಕಲಿಗರು ದನಗಳನ್ನು ಹೊರಗೆ ಬಿಟ್ಟರು. ಆಮೇಲೆ ವಾಯವ್ಯದಿಂದ ಹಿಟ್ಟಿನಂತಹ ಹಿಮವನ್ನು ಹೊತ್ತ ಗಾಳಿ ಕ್ಷಣಾರ್ಧದಲ್ಲಿ ಅಪ್ಪಳಿಸಿತು. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳು ಅನೇಕರು. ಇಂದಿಗೂ ಅದನ್ನು ‘ಮಕ್ಕಳ ಹಿಮಗಾಳಿ’ ಎಂದೇ ನೆನೆಯುತ್ತಾರೆ. ಅಂದಿನ ಜನರನ್ನು ನಾವು ದೂಷಿಸಲಾರೆವು. ಮುನ್ಸೂಚನೆಯ ವಿದ್ಯೆ ಆಗ ಎಳವೆಯಲ್ಲಿತ್ತು. ಇದ್ದ ಸೂಚನೆಯೂ ಬಯಲಿನ ಒಂಟಿಮನೆಗಳಿಗೆ ಹೊತ್ತಿಗೆ ಮುಟ್ಟುವ ಉಪಾಯವಿರಲಿಲ್ಲ. ಅವರು ಅರಿಯದೆ ಸಿಕ್ಕಿಬಿದ್ದರು.

ಈಗ ಟೆಕ್ಸಾಸ್ ರಾಜ್ಯದ ಮಾತಿಗೆ ಬರೋಣ. ಅದು ಬಿಸಿಲಿನ ಸೀಮೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಕನ್ನಡಿಗರ ಕುಟುಂಬಗಳೂ ಸಾಕಷ್ಟಿವೆ. 2021ರ ಫೆಬ್ರುವರಿ ಮಧ್ಯಭಾಗದಲ್ಲಿ ಅಲ್ಲಿ ಅಪೂರ್ವವಾದ ಶೀತ ಇಳಿಯಿತು. ಡಾಲಸ್ ಪ್ರದೇಶದಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 19 ಡಿಗ್ರಿ ಕೆಳಗೆ ಹೋಯಿತು. ಮನೆಗಳನ್ನು ಕಾಯಿಸಲು ಜನ ಒಮ್ಮೆಲೇ ವಿದ್ಯುತ್ತನ್ನು ಬೇಡಿದರು. ಅದೇ ಹೊತ್ತಿಗೆ ವಿದ್ಯುತ್ ಸ್ಥಾವರಗಳ ಯಂತ್ರಗಳೂ ಅವುಗಳಿಗೆ ಇಂಧನ ಒದಗಿಸುವ ಅನಿಲ ಬಾವಿಗಳೂ ಹೆಪ್ಪುಗಟ್ಟಿದವು. ಫೆಬ್ರುವರಿ 15ರ ನಸುಕಿನಲ್ಲಿ ಇಡೀ ರಾಜ್ಯದ ವಿದ್ಯುಜ್ಜಾಲ ಸಂಪೂರ್ಣ ಕುಸಿಯಲು ಐದು ನಿಮಿಷಗಳೂ ಉಳಿದಿರಲಿಲ್ಲ. ಅದನ್ನು ಉಳಿಸಲೆಂದು ಊರೂರುಗಳ ವಿದ್ಯುತ್ತನ್ನು ಕಡಿದರು. ಹಾಗೆ ಕಡಿದಾಗ, ಅಗತ್ಯ ಸ್ಥಳಗಳ ಪಟ್ಟಿಯಲ್ಲಿ ನಮೂದಾಗದ ಅನಿಲ ಘಟಕಗಳಿಗೂ ವಿದ್ಯುತ್ತು ತಪ್ಪಿತು. ವಿದ್ಯುತ್ತಿಲ್ಲದೆ ಅನಿಲವಿಲ್ಲ, ಅನಿಲವಿಲ್ಲದೆ ವಿದ್ಯುತ್ತಿಲ್ಲ ಎಂಬಂತಾಯಿತು. 45 ಲಕ್ಷ ಮನೆ ಅಂಗಡಿಗಳು ಕತ್ತಲಾದವು. ಕೆಲವೆಡೆ ಆ ಕತ್ತಲೆ ದಿನಗಟ್ಟಲೆ ಹರಿಯಲಿಲ್ಲ. ಸರ್ಕಾರಿ ಲೆಕ್ಕದಂತೆಯೇ 246 ಮಂದಿ ಮೃತರಾದರು. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನರನ್ನು ಕೊಂದದ್ದು ಚಳಿಯೇ.

ಇಲ್ಲಿ ನಾವು ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ. ಟೆಕ್ಸಾಸಿಗೆ ಇದು ಅರಿಯದೆ ಬಂದ ವಿಪತ್ತಲ್ಲ. 1989ರ ಡಿಸೆಂಬರಿನಲ್ಲಿ ಶೀತಕ್ಕೆ ಸ್ಥಾವರಗಳು ನಿಂತಿದ್ದವು. ಚಳಿಗೆ ರಕ್ಷಣೆ ಮಾಡಿಕೊಳ್ಳಿರೆಂಬ ಸಲಹೆ ಆಗಲೇ ಹೊರಟಿತ್ತು. 2011ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆಯಿತು. ಅದೇ ವರ್ಷ ಕೇಂದ್ರದ ಅಧಿಕಾರಿಗಳು ದೀರ್ಘವಾದ ವರದಿ ಬರೆದು ಅದೇ ಸಲಹೆಯನ್ನು ಪುನಃ ಕೊಟ್ಟರು. ಸಲಹೆ ಸಲಹೆಯಾಗಿಯೇ ಉಳಿಯಿತು. ಚಳಿಗೆ ರಕ್ಷಣೆ ಮಾಡಿಕೊಳ್ಳುವುದನ್ನು ಕಾಯಿದೆಯಿಂದ ಕಡ್ಡಾಯಗೊಳಿಸಿದ್ದು 2021ರ ಜೂನಿನಲ್ಲಿ, ಹೆಣಗಳನ್ನು ಎಣಿಸಿದ ಮೇಲೆ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ನಮ್ಮವರ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ?

1888ರ ಮರಣಗಳಿಗೂ 2021ರ ಮರಣಗಳಿಗೂ ಇರುವ ಅಂತರ ಇದು. ಅರಿಯದಿದ್ದಾಗ ಬಂದುದು ದೈವದ ಪಾಲಿಗೆ ಸೇರುತ್ತದೆ. ಅರಿತೂ ಸುಮ್ಮನಿದ್ದಾಗ ಬಂದುದು ನಮ್ಮ ಪಾಲಿಗೆ ಸೇರುತ್ತದೆ. ಇಂದು ಉಪಗ್ರಹಗಳು ಬಿರುಗಾಳಿಯ ಸುದ್ದಿಯನ್ನು ದಿನಗಳ ಮುಂಚೆಯೇ ಹೇಳುತ್ತವೆ. ಸುದ್ದಿ ಕಿವಿಗೆ ಬಿದ್ದ ಕ್ಷಣದಿಂದ “ಹಣೆಬರಹ” ಎಂಬ ಮಾತನ್ನಾಡುವ ಅಧಿಕಾರ ನಮಗೆ ಉಳಿಯುವುದಿಲ್ಲ. ಅರಿವು ಹೆಚ್ಚಿದಂತೆ ಹೊಣೆಯೂ ಹೆಚ್ಚುತ್ತದೆ.

ಸಿದ್ಧತೆಯ ಸ್ವರೂಪ

ಸಿದ್ಧತೆ ಎಂದರೇನು? ಅದು ಭೀತಿಯಿಂದ ಮಾಡುವ ಗಡಿಬಿಡಿಯಲ್ಲ. ಮನಸ್ಸು ಶಾಂತವಾಗಿರುವಾಗ ಮಾಡುವ ವಿಚಾರ. ಕತ್ತಲಲ್ಲಿ ನಡುಗುತ್ತ ಕುಳಿತವನಿಗೆ ವಿವೇಕ ಹುಟ್ಟುವುದು ಕಷ್ಟ. ಆದುದರಿಂದಲೇ ಆ ಹೊತ್ತಿನ ನಿರ್ಧಾರಗಳನ್ನು ಹಗಲಿನಲ್ಲಿಯೇ ಮಾಡಿಟ್ಟುಕೊಳ್ಳಬೇಕು. ತಮ್ಮ ಮಕ್ಕಳಿಗೆ ಓದಿ ಹೇಳಲೆಂದು ಕೆಲವು ಮುಖ್ಯ ಸಂಗತಿಗಳನ್ನು ಇಲ್ಲಿ ಕಾರಣಸಹಿತ ಕೊಡುತ್ತೇವೆ.

ಮೊದಲನೆಯದು, ಮನೆಯಲ್ಲಿ ಕನಿಷ್ಠ ಮೂರು ದಿನಗಳಿಗೆ ಸಾಲುವಷ್ಟು ನೀರು, ಒಲೆ ಹೊತ್ತಿಸದೆ ತಿನ್ನಬಹುದಾದ ಆಹಾರ, ನಿತ್ಯ ಸೇವಿಸುವ ಔಷಧ, ಕಂಬಳಿ, ಟಾರ್ಚು, ಬ್ಯಾಟರಿಯಿಂದ ನಡೆಯುವ ರೇಡಿಯೋ ಇರಬೇಕು. ಊರಿನಿಂದ ಹೋದ ಹಿರಿಯರು ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಎಣಿಸಿ ತಂದಿರುತ್ತಾರೆ. ಅವು ಮುಗಿಯುವ ದಿನ ಬಿರುಗಾಳಿಯ ದಿನವಾಗದಂತೆ ನೋಡಿಕೊಳ್ಳಬೇಕು.

ಎರಡನೆಯದು, ವಿದ್ಯುತ್ತು ಹೋದರೆ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಸೇರಿ ಬಾಗಿಲಿನ ಸಂದುಗಳಿಗೆ ಬಟ್ಟೆ ತುರುಕಬೇಕು. ಒಂದು ದಪ್ಪ ಬಟ್ಟೆಗಿಂತ ಒಂದರ ಮೇಲೊಂದು ಸಡಿಲವಾದ ಹಲವು ಬಟ್ಟೆಗಳು ಮೇಲು. ನಡುವೆ ನಿಂತ ಗಾಳಿಯೇ ಕಾವನ್ನು ಹಿಡಿದಿಡುತ್ತದೆ. ನೀರು ಹೆಪ್ಪುಗಟ್ಟಿದಾಗ ಹಿಗ್ಗುವುದರಿಂದ ಕೊಳವೆಗಳು ಒಡೆಯುತ್ತವೆ. ಕಡು ಚಳಿಯ ರಾತ್ರಿ ನಲ್ಲಿಯನ್ನು ಹನಿಹನಿಯಾಗಿ ಬಿಟ್ಟಿರಬೇಕು. ನೀರಿನ ಮುಖ್ಯ ಬಿರಡೆ ಎಲ್ಲಿದೆ ಎಂಬುದನ್ನು ಮನೆಯ ಎಲ್ಲರೂ ತಿಳಿದಿರಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಚಳಿ ತಾಳಲಾರದೆ ಇದ್ದಿಲ ಒಲೆಯನ್ನು ಮನೆಯೊಳಗೆ ಹೊತ್ತಿಸುವುದು, ಗ್ಯಾರೇಜಿನಲ್ಲಿ ಕಾರನ್ನು ಚಾಲೂ ಇಟ್ಟು ಅದರಲ್ಲಿ ಕೂರುವುದು, ಜನರೇಟರನ್ನು ಮನೆಯೊಳಗೋ ಕಿಟಕಿಯ ಬಳಿಯೋ ನಡೆಸುವುದು, ಇವೆಲ್ಲ ಮೃತ್ಯುವನ್ನು ಒಳಗೆ ಕರೆದಂತೆ. ಇವುಗಳಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಆಕ್ರಮಿಸುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ರೆ, ಆ ನಿದ್ರೆಯಿಂದ ಏಳುವುದಿಲ್ಲ. ಟೆಕ್ಸಾಸಿನ ಮೃತರಲ್ಲಿ 19 ಮಂದಿ ಹೀಗೆ ಸತ್ತವರು. ಜನರೇಟರು ಮನೆಯಿಂದ ಇಪ್ಪತ್ತು ಅಡಿಗಳಾಚೆ ಇರಬೇಕು. ಈ ಅನಿಲವನ್ನು ಕಂಡು ಕೂಗುವ ಸಣ್ಣ ಯಂತ್ರ ಮನೆಯಲ್ಲಿರಬೇಕು, ಅದರ ಬ್ಯಾಟರಿಯೂ ಜೀವಂತವಿರಬೇಕು.

ನಾಲ್ಕನೆಯದು, ಪ್ರಯಾಣ. ಎಚ್ಚರಿಕೆ ಹೊರಟ ಮೇಲೆ ರಸ್ತೆಗೆ ಇಳಿಯದಿರುವುದೇ ಉತ್ತಮ. ಸಿಕ್ಕಿಬಿದ್ದರೆ ಕಾರನ್ನು ಬಿಟ್ಟು ನಡೆದುಹೋಗಬಾರದು. ಹುಡುಕುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ನು ನಡೆಸಿ ಕಾವು ಪಡೆಯಬೇಕು. ಅದಕ್ಕೂ ಮುನ್ನ ಹಿಂದಿನ ಹೊಗೆಕೊಳವೆಯನ್ನು ಹಿಮ ಮುಚ್ಚಿದೆಯೇ ಎಂದು ನೋಡಿ ಬಿಡಿಸಬೇಕು, ಕಿಟಕಿಯನ್ನು ಕೊಂಚ ತೆರೆದಿರಬೇಕು. ಹೊರಗೆ ಬಣ್ಣದ ಬಟ್ಟೆಯೊಂದನ್ನು ಕಟ್ಟಿದರೆ ಒಳಗೆ ಜನರಿದ್ದಾರೆಂಬ ಗುರುತು. ಚಳಿಗಾಲದುದ್ದಕ್ಕೂ ಕಾರಿನಲ್ಲಿ ಕಂಬಳಿ, ಸಲಿಕೆ, ನೀರು, ಒಣ ತಿನಿಸು ಇಟ್ಟುಕೊಂಡು ತೈಲದ ಟ್ಯಾಂಕನ್ನು ತುಂಬಿಸಿಟ್ಟಿರುವುದು ಅಲ್ಲಿಯ ಅನುಭವಿಗಳ ಪದ್ಧತಿ.

ಐದನೆಯದು, ಶರೀರದ ಸೂಚನೆಗಳು. ಮೈಯ ಕಾವು 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ಮೊದಲು ತೀವ್ರ ನಡುಕ. ಬಳಿಕ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ, ನಡುಕವೂ ನಿಲ್ಲುತ್ತದೆ. ನಡುಕ ನಿಂತುದನ್ನು ಸುಧಾರಣೆಯೆಂದು ಭ್ರಮಿಸಬಾರದು. ಅದೇ ಅಪಾಯದ ಗಂಟೆ. ಒದ್ದೆ ಬಟ್ಟೆ ತೆಗೆದು, ಎದೆ ಹೊಟ್ಟೆಗಳನ್ನು ಮೊದಲು ಬೆಚ್ಚಗೆ ಮಾಡಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಟ್ಟು, ಕೂಡಲೆ ವೈದ್ಯರನ್ನು ಕರೆಯಬೇಕು. ಮದ್ಯ ಮೈಯನ್ನು ಬೆಚ್ಚಗಿಡುತ್ತದೆಂಬುದು ಸುಳ್ಳು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಕಾವನ್ನು ಹೊರಗೆ ಚೆಲ್ಲುತ್ತದೆ. ಹೆಪ್ಪುಗಟ್ಟಿದ ಬೆರಳುಗಳನ್ನು ಉಜ್ಜಬಾರದು. ಅಂಗಳದ ಹಿಮವನ್ನು ಸಲಿಕೆಯಿಂದ ಎತ್ತುವುದು ಸಣ್ಣ ಕೆಲಸವೆಂದು ತಿಳಿದು ಹೃದಯಾಘಾತಕ್ಕೆ ಗುರಿಯಾದವರು ಬಹಳ. ಚಳಿ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಶ್ರಮ ಹೃದಯವನ್ನು ಓಡಿಸುತ್ತದೆ. “ಕೂತು ಬೇಸರವಾಯಿತು, ಮಗನಿಗೆ ನೆರವಾಗೋಣ” ಎಂದು ಸಲಿಕೆ ಹಿಡಿಯುವ ನಮ್ಮ ಹಿರಿಯರು ಇದನ್ನು ಮನದಟ್ಟು ಮಾಡಿಕೊಳ್ಳಬೇಕು.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

ಇಷ್ಟಾದರೆ ಸಿದ್ಧತೆ ಮುಗಿಯಿತೇ? ಇಷ್ಟನ್ನೆಲ್ಲ ಲೋಭಿಯೂ ಮಾಡಬಲ್ಲ. ಮೊದಲಿಗೆ ಎತ್ತಿದ ಪ್ರಶ್ನೆ ಈಗ ಎದುರು ನಿಲ್ಲುತ್ತದೆ. ಅದಕ್ಕೆ ಉತ್ತರ ನಮಗೆ ಬಫಲೋ ನಗರದ ಸುತ್ತಮುತ್ತ ಸಿಗುತ್ತದೆ.

ನ್ಯೂಯಾರ್ಕ್ ರಾಜ್ಯದ ಪಶ್ಚಿಮಕ್ಕೆ ಈರಿ ಸರೋವರದ ದಡದಲ್ಲಿರುವ ಬಫಲೋ ಹಿಮಕ್ಕೆ ಹೆಸರಾದ ಊರು. ಶೀತಗಾಳಿ ಸರೋವರವನ್ನು ದಾಟುವಾಗ ತೇವವನ್ನು ಹೀರಿಕೊಂಡು ದಡ ಸೇರಿದೊಡನೆ ಅದನ್ನು ಹಿಮವಾಗಿ ಸುರಿಯುತ್ತದೆ. 2022ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ ಹಬ್ಬದ ಎರಡು ದಿನ ಮುಂಚೆ, ಅಲ್ಲಿ ಆರಂಭವಾದ ಬಿರುಗಾಳಿ 37 ಗಂಟೆಗಳ ಕಾಲ ಬ್ಲಿಝರ್ಡಿನ ಲಕ್ಷಣವನ್ನು ಬಿಡಲಿಲ್ಲ. ನಾಲ್ಕು ಅಡಿಗೂ ಮಿಕ್ಕಿ ಹಿಮ ಬಿತ್ತು. ಮುನ್ಸೂಚನೆ ದಿನಗಳ ಮೊದಲೇ ಬಂದಿತ್ತು. ಆದರೆ ವಾಹನ ಸಂಚಾರದ ನಿಷೇಧ ಹೊರಟದ್ದು ಅಂದು ಬೆಳಿಗ್ಗೆ. ಆ ಹೊತ್ತಿಗೆ ಅನೇಕರು ಕೆಲಸಕ್ಕೆ ಹೊರಟಾಗಿತ್ತು. ಅಗ್ನಿಶಾಮಕ ವಾಹನಗಳೂ ರೋಗಿವಾಹನಗಳೂ ಹಿಮದಲ್ಲಿ ಹೂತು ನಿಂತವು, ಕರೆದರೂ ಬರುವವರಿಲ್ಲದಂತಾಯಿತು. ನಲವತ್ತಕ್ಕೂ ಹೆಚ್ಚು ಮಂದಿ, ಕೆಲವರು ಕಾರುಗಳಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಕಾವು ಆರಿದ ಮನೆಗಳಲ್ಲಿ ಪ್ರಾಣ ಬಿಟ್ಟರು.

ಆ ದಿನಗಳಲ್ಲಿ ನಡೆದು ಪತ್ರಿಕೆಗಳಲ್ಲಿ ಪ್ರಕಟವಾದ ಎರಡು ಘಟನೆಗಳನ್ನು ನೋಡಿ. ಒಬ್ಬಾತ ಸ್ನೇಹಿತನೊಬ್ಬನಿಗೆ ನೆರವಾಗಲು ಹೊರಟು ಹಿಮದಲ್ಲಿ ಸಿಕ್ಕಿಬಿದ್ದ. ದಾರಿಯಲ್ಲಿ ಕಂಡ ಅಪರಿಚಿತರನ್ನೂ ತನ್ನ ವಾಹನದೊಳಗೆ ಕೂರಿಸಿಕೊಂಡಿದ್ದ. ಸುಮಾರು ಹತ್ತು ಮನೆಗಳ ಬಾಗಿಲು ತಟ್ಟಿ, ನೆಲದ ಮೇಲೆ ಮಲಗಲು ಬಿಟ್ಟರೆ ಐನೂರು ಡಾಲರು ಕೊಡುತ್ತೇನೆಂದು ಬೇಡಿದ. ಯಾರೂ ಒಳಗೆ ಬಿಡಲಿಲ್ಲ. ರಾತ್ರಿಯನ್ನು ವಾಹನದಲ್ಲಿಯೇ ಕಳೆದು, ಇಂಧನ ತೀರುತ್ತ ಬಂದಾಗ ಸಮೀಪದ ಶಾಲೆಯೊಂದರ ಕಿಟಕಿಯ ಗಾಜು ಒಡೆದು ಒಳಹೊಕ್ಕ. ಅಲ್ಲಿಗೆ ನಿಲ್ಲದೆ, ಸುತ್ತಲೂ ಕಾರುಗಳಲ್ಲಿ ಸಿಕ್ಕಿದ್ದವರನ್ನು ಹುಡುಕಿ ಕರೆತಂದ. ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ವೃದ್ಧರೂ ಇದ್ದರು, ಆ ಶಾಲೆಯ ಅಡಿಗೆಮನೆಯ ಆಹಾರ ತಿಂದು ಬದುಕಿದರು. ಹೊರಡುವಾಗ ಎಲ್ಲವನ್ನೂ ಒಪ್ಪಮಾಡಿ, ಗಾಜು ಒಡೆದುದಕ್ಕೆ ಕ್ಷಮೆ ಬೇಡಿ ಚೀಟಿ ಬರೆದಿಟ್ಟು ಹೋದರು. ಪೋಲೀಸರು ಆತನನ್ನು ಹುಡುಕಿದ್ದು ಶಿಕ್ಷಿಸಲಿಕ್ಕಲ್ಲ, ವಂದಿಸಲಿಕ್ಕೆ.

ಎರಡನೆಯದು ಅದೇ ಶುಕ್ರವಾರದ ಮಾತು. ನಯಾಗರ ಜಲಪಾತ ನೋಡಲು ಹೊರಟಿದ್ದ ದಕ್ಷಿಣ ಕೊರಿಯದ ಒಂಬತ್ತು ಪ್ರವಾಸಿಗಳ ವಾಹನ ಹಿಮದಲ್ಲಿ ಹೂತಿತು. ಇಬ್ಬರು ಹತ್ತಿರದ ಮನೆಯ ಬಾಗಿಲು ತಟ್ಟಿ ಸಲಿಕೆ ಕೇಳಿದರು. ಆ ಮನೆಯ ದಂಪತಿಗಳಿಗೆ ಊರಿನ ಹಿಮದ ಸ್ವಭಾವ ಗೊತ್ತಿತ್ತು. ಸಲಿಕೆಯಿಂದ ಆಗುವ ಕೆಲಸವಲ್ಲವೆಂದು ಹೇಳಿ, ಚಾಲಕನೂ ಸೇರಿ ಹತ್ತು ಮಂದಿಯನ್ನೂ ಒಳಗೆ ಕರೆದರು. ಅತಿಥಿಗಳು ಹಬ್ಬದವರೆಗೆ ಅಲ್ಲಿಯೇ ಉಳಿದರು. ಮನೆಯಲ್ಲಿ ಅನ್ನ ಮಾಡುವ ಕುಕ್ಕರೂ ಕೊರಿಯದವರ ಉಪ್ಪಿನಕಾಯಿಯಾದ ಕಿಮ್ಚಿಯೂ ಇದ್ದುದರಿಂದ ಅತಿಥಿಗಳೇ ತಮ್ಮ ದೇಶದ ಅಡಿಗೆ ಮಾಡಿ ಎಲ್ಲರಿಗೂ ಬಡಿಸಿದರು.

ಬಾಗಿಲು ತೆರೆಯದ ಆ ಹತ್ತು ಮನೆಗಳವರನ್ನು ಕಟುಕರೆನ್ನಲು ನಮಗೆ ಮನಸ್ಸು ಬಾರದು. ರಾತ್ರಿಯಲ್ಲಿ ಅಪರಿಚಿತ ಬಂದು ನಿಂತರೆ ಹೆದರುವುದು ಸ್ವಾಭಾವಿಕ. ಒಳಗೆ ಎಳೆಯ ಕೂಸಿತ್ತೋ, ಅನ್ನದ ಕೊರತೆಯಿತ್ತೋ, ದೀಪವೇ ಆರಿತ್ತೋ ನಾವು ಬಲ್ಲೆವೇ? ವಾಚಕರೇ, ಅದೇ ಸ್ಥಿತಿಯಲ್ಲಿ ನಮ್ಮ ಮನೆಯ ಬಾಗಿಲು ತೆರೆಯುತ್ತಿತ್ತೆ ಎಂದು ಎದೆ ಮುಟ್ಟಿಕೊಂಡು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಜನ? ಬಾಗಿಲು ತೆರೆಯಲು ಎರಡು ಬೇಕು. ಒಂದು, ಒಳಗೆ ಕೊಡುವಷ್ಟು ಇರುವುದು. ಇನ್ನೊಂದು, ಕೊಡಬೇಕೆಂಬ ನಿಶ್ಚಯ ಮೊದಲೇ ಆಗಿರುವುದು. ಏನೂ ಇಲ್ಲದವನ ಕರುಣೆ ಕಣ್ಣೀರಿನಲ್ಲಿ ಮುಗಿಯುತ್ತದೆ. ಎಲ್ಲ ಇದ್ದು ನಿಶ್ಚಯವಿಲ್ಲದವನ ಕೈ ಅಗುಳಿಯ ಮೇಲೆಯೇ ನಡುಗುತ್ತದೆ.

ಇಲ್ಲಿಯೇ ಮೂರನೆಯ ದಾರಿಯ ಲಕ್ಷಣ ದೊರೆಯುತ್ತದೆ. ಸಂಗ್ರಹಕ್ಕೂ ಸಿದ್ಧತೆಗೂ ಇರುವ ಭೇದ ವಸ್ತುವಿನ ಪ್ರಮಾಣದಲ್ಲಿಲ್ಲ, ಲೆಕ್ಕ ಹಾಕುವ ರೀತಿಯಲ್ಲಿದೆ. ಲೋಭಿ ತನ್ನ ಮನೆಯ ಬಾಯಿಗಳನ್ನಷ್ಟೇ ಎಣಿಸುತ್ತಾನೆ. ಸಿದ್ಧನಾದವನು ಇನ್ನೂ ಬಾರದ ಒಂದು ಬಾಯಿಯನ್ನು ಸೇರಿಸಿ ಎಣಿಸುತ್ತಾನೆ. ನಾಲ್ವರಿರುವ ಮನೆಯಲ್ಲಿ ಐದು ಕಂಬಳಿಗಳಿದ್ದರೆ ಆ ಐದನೆಯ ಕಂಬಳಿಯೇ ಧರ್ಮ. ಆಲಸಿಯ ವಿಷಯವೂ ಇದರಿಂದಲೇ ಸ್ಪಷ್ಟವಾಗುತ್ತದೆ. ತಾನು ಏನನ್ನೂ ಮಾಡಿಕೊಳ್ಳದವನು ವಿಪತ್ತಿನ ದಿನ ಇನ್ನೊಬ್ಬರ ಕಂಬಳಿಯ ಪಾಲು ಕೇಳುತ್ತಾನೆ; ಅವನನ್ನು ಕಾಪಾಡಲು ಇನ್ನೊಬ್ಬ ತನ್ನ ಪ್ರಾಣವನ್ನು ಹಿಮದಲ್ಲಿ ಒಡ್ಡಬೇಕಾಗುತ್ತದೆ. ಶಕ್ತಿಯಿದ್ದೂ ಸಿದ್ಧನಾಗದಿರುವುದು ಪರರ ಮೇಲೆ ಹೊರಿಸುವ ಭಾರ.

“ಶಕ್ತಿಯಿಲ್ಲದವರ ಗತಿಯೇನು?” ಎಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ವಾರದ ಕೂಲಿಯಿಂದ ವಾರ ಕಳೆಯುವವನು ಮೂರು ದಿನದ ಆಹಾರವನ್ನು ಹೆಚ್ಚಾಗಿ ಕೊಳ್ಳಲಾರ. ರಜೆ ಹಾಕಿದರೆ ಕೆಲಸ ಹೋಗುವುದೆಂಬ ಭಯವಿದ್ದವನು ಬಿರುಗಾಳಿಯಲ್ಲಿಯೂ ಹೊರಡುತ್ತಾನೆ. ಅವನಿಗೆ ಉಪದೇಶ ಹೇಳುವುದು ನಮ್ಮ ಕೆಲಸವಲ್ಲ. ಅವನ ಪಾಲಿನ ಸಿದ್ಧತೆ ಕೆಲಸ ಕೊಟ್ಟವನದು, ನೆರೆಹೊರೆಯದು, ಸರ್ಕಾರದ್ದು. ನಿಷೇಧವನ್ನು ಹೊತ್ತಿಗೆ ಹೊರಡಿಸುವುದೂ, ಕಾವಿರುವ ಸಾರ್ವಜನಿಕ ಕಟ್ಟಡಗಳನ್ನು ಮೊದಲೇ ತೆರೆದಿಡುವುದೂ, ಕೆಲಸಗಾರರನ್ನು ಒಂದು ದಿನ ಮುಂಚೆ ಮನೆಗೆ ಕಳುಹಿಸುವುದೂ ಈ ಧರ್ಮದ ಅಂಗಗಳೇ. ಶಾಲೆಯ ಬಾಗಿಲನ್ನು ಊರವರು ತೆರೆದಿಟ್ಟಿದ್ದರೆ ಆತ ಗಾಜು ಒಡೆಯಬೇಕಾಗಿರಲಿಲ್ಲ.

ಕೊನೆಯದಾಗಿ ಒಂದು ಮಾತು. ಮುಂಗಾರಿಗೆ ಮುನ್ನ ಮಾಡು ಹೊದಿಸಿ, ಸೌದೆ ಒಟ್ಟಿ, ಹಪ್ಪಳ ಸಂಡಿಗೆ ಒಣಗಿಸಿಟ್ಟ ನಮ್ಮ ತಾಯಂದಿರಿಗೆ ಮುನ್ನೆಚ್ಚರಿಕೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮಳೆಯಲ್ಲಿ ನೆನೆದು ಬಂದ ದಾರಿಹೋಕನಿಗೆ ಆ ಒಟ್ಟಿದ ಸೌದೆಯಿಂದಲೇ ಬೆಂಕಿ ಕಾಯಿಸಿದವರೂ ಅವರೇ. ಅವರ ಮಕ್ಕಳು ಮೊಮ್ಮಕ್ಕಳು ಇಂದು ಹಿಮದ ನಾಡಿನಲ್ಲಿದ್ದಾರೆ. ಈ ಸಲ ಅವರೊಡನೆ ದೂರವಾಣಿಯಲ್ಲಿ ಮಾತನಾಡುವಾಗ “ಚಳಿ ಹೇಗಿದೆ?” ಎಂದು ಕೇಳಿ ನಿಲ್ಲಿಸಬೇಡಿ. “ಮನೆಯಲ್ಲಿ ಎಲ್ಲ ತಂದಿಟ್ಟಿದ್ದೀಯಾ?” ಎಂದು ಕೇಳಿ. ಅದಾದ ಮೇಲೆ “ನಿನ್ನ ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಮುದುಕರು ಯಾರಾದರೂ ಇದ್ದಾರೆಯೇ?” ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಆ ಮನೆ ಬಿರುಗಾಳಿಗೆ ನಿಜವಾಗಿ ಸಿದ್ಧವಾಗಿದೆಯೆಂದು ತಿಳಿಯಿರಿ.